ಹೊಂಗೆ ಮರ ಕುಡಿದ ಹಾಲು

ಹೋದ ವಾರ ನನ್ನ ಮಗ ಅಡುಗೆಮನೆಯ ಸಿಂಕಿನ ಮುಂದೆ ನಿಂತು ಒಂದು ಪ್ಯಾಕೆಟ್ ಹಾಲನ್ನು ನಿಶ್ಚಿಂತೆಯಿಂದ ಸುರಿಯುತ್ತಿದ್ದ. ನಾನು ಕಿರುಚಿದ ರಭಸಕ್ಕೆ ಪಕ್ಕದ ಫ್ಲ್ಯಾಟಿನವರು ಬೆಲ್ ಮಾಡಿ ವಿಚಾರಿಸಿಕೊಂಡು ಹೋದರು.

"ಡೇಟ್ ನಿನ್ನೆಗೇ ಮುಗ್ದಿದೆ ಕಣಮ್ಮ. ಅರ್ಧ ಲೀಟರ್ ಹಾಲಿಗೆ ಯಾರಾದ್ರೂ ಹಿಂಗಾಡ್ತಾರಾ?" ಎಂದ.

ಆಡುತ್ತಾರೆ. ನಾನು ಆಡುತ್ತೇನೆ. ಹಾಲು ಕೆಟ್ಟರೂ ಸರಿಯೇ, ಮೋರಿಗೆ ಹೋಗಬಾರದು. ಯಾಕೆ ಎಂದು ಈ ಆರಡಿಯ ಆಸಾಮಿಗೆ ಇಷ್ಟು ವರ್ಷ ನಾನು ಹೇಳಿರಲೇ ಇಲ್ಲ. ಅವತ್ತು ಕೂರಿಸಿಕೊಂಡು ಹೇಳಿದೆ. ನಿಮಗೂ ಹೇಳಿಬಿಡುತ್ತೇನೆ.

ಇವನು ಹುಟ್ಟಿದ್ದು ಎಂಬತ್ತರ ದಶಕದ ಕೊನೆಯಲ್ಲಿ. ಆಗ ನಮ್ಮ ಮನೆ ಪೀಣ್ಯದಲ್ಲಿ. ಕಾರ್ಖಾನೆಯ ಸೈರನ್ ಕೇಳಿ ಕುಕ್ಕರ್ ಇಡುತ್ತಿದ್ದ ಕಾಲ. ಬೀದಿಗೆಲ್ಲ ಮೆಷಿನ್ ಎಣ್ಣೆಯ ವಾಸನೆ. ಗಂಡಸರ ಅಂಗಿ ಒಗೆದರೆ ಬಕೆಟ್ಟಿನ ತಳದಲ್ಲಿ ಕಬ್ಬಿಣದ ಪುಡಿ. (ಆ ವಾಸನೆಗೆ ಆಗ ಮೂಗು ಮುಚ್ಚಿಕೊಳ್ಳುತ್ತಿದ್ದೆ. ಈಗ ಯಾವುದಾದರೂ ಗ್ಯಾರೇಜಿನ ಮುಂದೆ ಹಾದುಹೋದರೆ ಕಾಲು ನಿಧಾನವಾಗುತ್ತದೆ.) ನನ್ನವರದು ಇನ್ಸ್‌ಪೆಕ್ಷನ್ ಸೆಕ್ಷನ್. ಮೆಷಿನ್ನಿನಿಂದ ಇಳಿದ ಪ್ರತಿ ಬಿಡಿಭಾಗವನ್ನು ಅಳೆದು ಪಾಸೋ ಫೇಲೋ ಹೇಳುವ ಕೆಲಸ. ಮನೆಯಲ್ಲಿ ದೋಸೆಯನ್ನೂ ಹಾಗೇ ನೋಡುತ್ತಿದ್ದರು.

ಮಗರಾಯ ಏಳು ತಿಂಗಳಿಗೇ ಹೊರಟುಬಂದ. ಅಂಗೈಗಿಂತ ಸ್ವಲ್ಪ ಉದ್ದ. ದೊಡ್ಡಾಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದರು. ಮೂಗಿನಿಂದ ಹೊಟ್ಟೆಗೆ ಟ್ಯೂಬ್ ಇಳಿಸಿ ತೊಟ್ಟು ತೊಟ್ಟು ಹಾಲು ಕೊಡುತ್ತಿದ್ದರು. ಎಲ್ಲ ಸರಿಹೋಯಿತು ಅಂದುಕೊಳ್ಳುವಷ್ಟರಲ್ಲಿ ಮಗುವಿನ ಹೊಟ್ಟೆ ಉಬ್ಬಿತು. ಚರ್ಮ ಹೊಳೆಯತೊಡಗಿತು. ಕುಡಿದ ಹಾಲು ಹಸಿರಾಗಿ ವಾಪಸ್ ಬಂತು.

"ಕರುಳಿಗೆ ಸೋಂಕಾಗಿದೆ. ತಿಂಗಳು ತುಂಬದೆ ಹುಟ್ಟಿದ ಮಕ್ಕಳಿಗೆ ಹೀಗಾಗುತ್ತೆ," ಎಂದರು ಡಾಕ್ಟರಮ್ಮ. "ಹಾಲು ಪೂರ್ತಿ ನಿಲ್ಲಿಸ್ತೀವಿ. ಡ್ರಿಪ್ ಮಾತ್ರ. ಕರುಳು ತಾನಾಗೇ ಸುಧಾರಿಸಿದ್ರೆ ಒಳ್ಳೇದು. ತೂತಾದ್ರೆ ಆಪರೇಷನ್ ಮಾಡ್ಬೇಕಾಗುತ್ತೆ. ಇಷ್ಟು ಪುಟ್ಟ ಜೀವ ತಡ್ಕೊಳ್ಳುತ್ತೆ ಅಂತ ನಾನು ಮಾತು ಕೊಡಲ್ಲ."

ನನಗೆ ಕೇಳಿಸಿದ್ದು ಕೊನೆಯ ಮಾತು ಮಾತ್ರ.

ಆಮೇಲಿನದೆಲ್ಲ ಕಾಯುವ ಕೆಲಸ. ಸಿಸ್ಟರ್ ಆಗಾಗ ಟೇಪು ಹಿಡಿದು ಮಗುವಿನ ಹೊಟ್ಟೆಯ ಸುತ್ತಳತೆ ನೋಡುತ್ತಿದ್ದರು. ಉಬ್ಬು ಇಳಿಯಿತೋ ಏರಿತೋ ಅನ್ನುವುದರ ಮೇಲೆ ನಮ್ಮ ಬದುಕು. ಅಳತೆ ಅಂದಮೇಲೆ ನನ್ನವರು ಸುಮ್ಮನಿರುತ್ತಾರೆಯೇ?

"ಸಿಸ್ಟರ್, ಪ್ರತಿ ಸಲ ಒಂದೇ ಜಾಗದಲ್ಲಿ ಟೇಪ್ ಇಡ್ಬೇಕು. ಪೆನ್ನಲ್ಲಿ ಗುರುತು ಹಾಕ್ಕೊಂಡ್ರೆ..."

"ನೀವು ಹುಟ್ಟೋಕೆ ಮುಂಚೆಯಿಂದ ಹಾಕ್ತಿದೀವಿ ಸಾರ್," ಎಂದರು ಸಿಸ್ಟರ್, ತಲೆ ಎತ್ತದೆ.

ನನ್ನವರು ಪೆನ್ನನ್ನು ಜೇಬಿಗೆ ಸೇರಿಸಿದರು. ಇನ್ಸ್‌ಪೆಕ್ಷನ್ನಿನವರಿಗೂ ಇನ್ಸ್‌ಪೆಕ್ಷನ್ ಮಾಡುವವರು ಇರುತ್ತಾರಲ್ಲ!

ಸಿಸ್ಟರ್ ನನಗೂ ಒಂದು ಕೆಲಸ ಹೇಳಿದ್ದರು. ಮಗು ಕುಡಿಯದಿದ್ದರೂ ನಾನು ಹೊತ್ತು ಹೊತ್ತಿಗೆ ಹಾಲು ಹಿಂಡಬೇಕು. ಬಿಟ್ಟರೆ ಎದೆ ಬತ್ತಿಹೋಗುತ್ತದೆ, ಆಮೇಲೆ ಬೇಕಾದಾಗ ಸಿಗುವುದಿಲ್ಲ. ಹಿಂಡಿದ್ದನ್ನು ಕಾಯ್ದಿಡುವ ಏರ್ಪಾಡು ಆ ವಾರ್ಡಿನಲ್ಲಿ ಇರಲಿಲ್ಲ. ತಾಯಂದಿರ ಕೋಣೆಯ ಮೂಲೆಯಲ್ಲಿ ಕೂತು ಸ್ಟೀಲ್ ಲೋಟಕ್ಕೆ ಹಾಲು ಹಿಂಡಿ, ಬಚ್ಚಲಿಗೆ ಚೆಲ್ಲಲು ಎದ್ದೆ. ಹೊಟ್ಟೆಗಿಲ್ಲದೆ ಮಲಗಿರುವ ಮಗುವಿನ ಪಾಲು ಅದು. ಲೋಟ ಬಗ್ಗಿಸಲು ಕೈ ಬರಲಿಲ್ಲ.

ಹಿಂದಿನಿಂದ ಅತ್ತೆ ಬಂದು ಲೋಟ ಕಿತ್ತುಕೊಂಡರು.

"ಅಂಗೆಲ್ಲಾ ಮೋರಿಗೆ ಸುರೀಬಾರ್ದು ಕಣವ್ವ. ಎದೆಹಾಲು ಜನ ತುಳಿಯೋ ಜಾಗ್ದಾಗೆ ಬೀಳ್ಬಾರ್ದು. ಕೊಡು ಇಲ್ಲಿ."

ಅತ್ತೆ ಚಿಕ್ಕಬಾಣಾವರದ ಹೊಲದ ಹೆಂಗಸು. ದಿನಾ ರೈಲು ಹತ್ತಿ, ಕ್ಯಾರಿಯರ್ ತುಂಬ ಮುದ್ದೆ, ಸಬ್ಬಸಿಗೆ ಸೊಪ್ಪಿನ ಸಾರು ಹೊತ್ತು ಬರುತ್ತಿದ್ದರು. (ಸಬ್ಬಸಿಗೆ ತಿಂದರೆ ಹಾಲು ಜಾಸ್ತಿ ಅಂತ. ಇಡೀ ವಾರ್ಡು ಘಮಘಮ.) ಆಸ್ಪತ್ರೆಯ ಕಾಂಪೌಂಡಿನ ಮೂಲೆಯಲ್ಲಿ ಒಂದು ಎಳೆ ಹೊಂಗೆ ಮರ ಇತ್ತು. ಅತ್ತೆ ಅದರ ಬುಡ ಗುಡಿಸಿ, ಸೊಂಟದೆತ್ತರಕ್ಕೆ ಮುಳ್ಳುಕಡ್ಡಿ ನೆಟ್ಟು, ಯಾರೂ ತುಳಿಯದ ಹಾಗೆ ಮಾಡಿಬಿಟ್ಟರು. ದಿನಾ ಲೋಟ ಹಿಡಿದು ಹೋಗಿ ಅಲ್ಲಿ ಸುರಿಯುವುದು. ಕಿಟಕಿಯಿಂದ ನನಗೆ ಅವರ ಮಾತು ಕೇಳಿಸುತ್ತಿತ್ತು.

"ನಮ್ ಕೂಸು ಕುಡಿಯೋಗಂಟ ನೀನು ಕುಡಿಯಪ್ಪ. ದೊಡ್ಡೋನು ನೀನು."

ಮೊದಲು ನನಗೆ ಸಿಟ್ಟು ಬಂತು. ಅಲ್ಲಿ ಮಗು ಸಾಯುತ್ತಿದೆಯೋ ಏನೋ, ಇಲ್ಲಿ ಇವರದು ಮರದ ಜೊತೆ ಸಂಸಾರ! ಆದರೆ ಆಮೇಲಾಮೇಲೆ ನಾನೇ ಕಿಟಕಿಯ ಹತ್ತಿರ ಕೂರಲು ಶುರುಮಾಡಿದೆ. ನನ್ನ ಹಾಲು ಯಾರೋ ಒಬ್ಬರಿಗಾದರೂ ಸೇರುತ್ತಿದೆ ಅನ್ನುವುದು ಅಂಥ ಹೊತ್ತಿನಲ್ಲಿ ಸಣ್ಣ ಸಮಾಧಾನವೇ?

ಒಂದು ಮಧ್ಯಾಹ್ನ ಡಾಕ್ಟರಮ್ಮ ಮಗುವಿನ ಹೊಟ್ಟೆ ಮುಟ್ಟಿ ನೋಡಿ, "ಮೆತ್ತಗಾಗಿದೆ" ಎಂದರು. ಸಂಜೆಗೆ ಮಗು ಕಕ್ಕ ಮಾಡಿತು. ಕರುಳು ಕೆಲಸ ಶುರುಮಾಡಿದೆ ಅಂತ ಅರ್ಥ. ನನ್ನವರ ಕಾರ್ಖಾನೆಯ ಗೇಟಿಗೆ ಫೋನು ಹೋಯಿತು. ಮಾರನೇ ದಿನ ಇಡೀ ಸೆಕ್ಷನ್ನಿಗೆ ಮೈಸೂರು ಪಾಕು. "ಏನ್ ಗುರು ವಿಶೇಷ?" ಎಂದವರಿಗೆಲ್ಲ ಇವರು ಎದೆಯುಬ್ಬಿಸಿ ಹೇಳಿದ್ದು, "ಮಗ ಕಕ್ಕ ಮಾಡಿದ!" ಒಬ್ಬರೂ ನಗಲಿಲ್ಲವಂತೆ. ಅಷ್ಟು ದಿನ ಅವರೂ ಅದನ್ನೇ ಕಾಯುತ್ತಿದ್ದರಲ್ಲ.

ಆದರೂ ಡಾಕ್ಟರಮ್ಮ ಹಾಲಿಗೆ ಒಪ್ಪಲಿಲ್ಲ. ಇನ್ನೂ ಸ್ವಲ್ಪ ದಿನ ಕರುಳಿಗೆ ರೆಸ್ಟ್ ಬೇಕೆಂದರು. ಕಾದೆವು.

ಆಮೇಲೆ ಒಂದು ಬೆಳಿಗ್ಗೆ ಸಿಸ್ಟರ್ ಓಡೋಡಿ ಬಂದರು. "ಮೇಡಂ, ಪರ್ಮಿಷನ್ ಸಿಕ್ತು! ಎರಡು ಎಮ್ಮೆಲ್ ಕೊಟ್ಟು ನೋಡ್ತೀವಿ. ಹಾಲೆಲ್ಲಿ?"

ನಾನು ಬಾಗಿಲ ಕಡೆ ನೋಡಿದೆ. ಅತ್ತೆ ಒಳಗೆ ಬರುತ್ತಿದ್ದರು. ಕೈಯಲ್ಲಿ ಖಾಲಿ ಲೋಟ.

ವಿಷಯ ಅರ್ಥವಾದ ತಕ್ಷಣ ಆ ಹೆಂಗಸು ಹಿಂದಕ್ಕೆ ಓಡಿದರು. ಮರದ ಹತ್ತಿರ! ಸುರಿದ ಹಾಲು ವಾಪಸ್ ಸಿಗುತ್ತದೆಯೇ? ಒದ್ದೆ ಮಣ್ಣನ್ನು ನೋಡುತ್ತಾ ಕುಕ್ಕರಗಾಲಲ್ಲಿ ಕೂತು, ಸೆರಗಲ್ಲಿ ಮೂಗು ಒರೆಸಿಕೊಳ್ಳುತ್ತಾ ಮರಕ್ಕೆ ಬಯ್ಯತೊಡಗಿದರು.

"ಒಂದೊತ್ತು ತಡ್ಕೊಂಡಿದ್ರೆ ಏನಾಗ್ತಿತ್ತು ನಿಂಗೆ? ಅಸ್ಕೊಂಡಿರೋ ತಮ್ಮನ್ ಪಾಲೂ ಬೇಕಿತ್ತಾ, ಒಟ್ಟೆಬಾಕ!"

ಇತ್ತ ನನ್ನ ಎದೆಯಲ್ಲಿ ಒಂದು ತೊಟ್ಟೂ ಇಳಿಯುತ್ತಿಲ್ಲ. ಈಗ ತಾನೇ ಹಿಂಡಿದ್ದು. ಸಾಲದ್ದಕ್ಕೆ ಗಾಬರಿ. ಕಣ್ಣೀರು ಮಾತ್ರ ಧಾರಾಳ. ಸಿಸ್ಟರ್ ಪಕ್ಕದಲ್ಲಿ ಕೂತು ಹೆಗಲ ಮೇಲೆ ಕೈ ಹಾಕಿದರು. "ಅಳ್ತಾ ಕೂತ್ರೆ ಹಾಲು ಬರಲ್ಲ ಮೇಡಂ. ಅಲ್ನೋಡಿ, ನಿಮ್ಮತ್ತೆ ಮರದ ಕಿವಿ ಹಿಂಡ್ತಿದಾರೆ."

ನೋಡಿದೆ. ಅತ್ತೆ ನಿಜವಾಗಿಯೂ ಒಂದು ಎಲೆ ಹಿಡಿದು ತಿರುಚುತ್ತಿದ್ದರು. ಹೆರಿಗೆಯಾದ ಮೇಲೆ ಮೊದಲ ಸಲ ನಾನು ನಕ್ಕೆ. ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗುನಗುತ್ತಲೇ ಲೋಟದ ತಳ ಬೆಳ್ಳಗಾಯಿತು.

ಎರಡು ಎಮ್ಮೆಲ್ ಒಳಗೆ ಹೋಯಿತು. ಹೊಟ್ಟೆ ಉಬ್ಬಲಿಲ್ಲ. ಸಂಜೆ ಇನ್ನೆರಡು. ಅದೂ ದಕ್ಕಿತು.

ಮನೆಗೆ ಹೊರಟ ದಿನ ಅತ್ತೆ ಮಗುವನ್ನು ಸೀದಾ ಮರದ ಹತ್ತಿರ ಒಯ್ದರು. "ನೋಡ್ಕೊ, ಇವ್ನೇ ನಿನ್ ತಮ್ಮ. ಇನ್ಮ್ಯಾಕೆ ನಿಂಗೆ ನೀರೇ ಗತಿ," ಎಂದು ಒಂದು ಚೊಂಬು ನೀರು ಹುಯ್ದರು. ದೊಡ್ಡ ಮಗನಿಗೆ ಹಾಲು ಬಿಡಿಸಿದ ಶಾಸ್ತ್ರ ಮುಗಿಯಿತು. ಅತ್ತೆ ಈಗಿಲ್ಲ. ಸಬ್ಬಸಿಗೆ ಸೊಪ್ಪು ಬಿಡಿಸುವಾಗಲೆಲ್ಲ ಇರುತ್ತಾರೆ.

ಕಥೆ ಮುಗಿದಾಗ ನನ್ನ ಮಗ ಎದ್ದು ಹೋಗಿ ಸಿಂಕಿನಲ್ಲಿದ್ದ ಖಾಲಿ ಪ್ಯಾಕೆಟ್ ಎತ್ತಿಕೊಂಡ.

"ಆ ಮರ ಇನ್ನೂ ಇದ್ಯಾಮ್ಮ?"

"ಗೊತ್ತಿಲ್ಲ ಕಣೋ. ಆ ಕಡೆ ಮತ್ತೆ ಹೋಗೇ ಇಲ್ಲ."

"ಭಾನುವಾರ ಹೋಗಿ ನೋಡ್ಕೊಂಡು ಬರೋಣ್ವಾ?"

ದಾರಿಯಲ್ಲಿ ಒಂದು ಪ್ಯಾಕೆಟ್ ಹಾಲು ತಗೋ ಎಂದೆ. ಡೇಟ್ ನೋಡಿ ತಗೋ ಎಂದೂ ಹೇಳಿದೆ. ಇಷ್ಟು ವರ್ಷದ ಮೇಲೆ ಅಣ್ಣನನ್ನು ನೋಡಲು ಹೋಗುವವನು ಬರಿಗೈಯಲ್ಲಿ ಹೋಗುತ್ತಾನೆಯೇ?