ಗೋಣಿ ಪರದೆಯಾಚೆಯ ಬೂಬಮ್ಮ

ಶಿರಾ ಪೇಟೆಯಲ್ಲಿ ಬೂಬಮ್ಮನ ಅಂಗಡಿಗೆ ಸಕ್ಕರೆ ಕಾಯಿಲೆಯ ಎಲೆ ಕೇಳಲು ಹೋದವರು ಮೊದಲು ಅಂಗಿಯ ತೋಳು ಮಡಚಬೇಕಿತ್ತು. ನಡುವೆ ಒಂದು ಗೋಣಿ ಪರದೆ. ಅದರ ಸೀಳಿನೊಳಗೆ ಭುಜದವರೆಗೂ ಕೈ ತೂರಿಸಿದರೆ, ಆಚೆ ಕೂತ ಆಕೆ ಬೆರಳ ತುದಿಯಿಂದ ಒತ್ತಿ ನೋಡುತ್ತಿದ್ದರು. ಚರ್ಮದಡಿ ಇಂಜೆಕ್ಷನ್ನಿನ ಗಂಟು ಸಿಕ್ಕಿದರೆ ಕೈಯನ್ನು ಹೊರಗೆ ತಳ್ಳಿ, "ಸೂಜಿ ಹಾಕ್ಸ್ಕಂತೀಯ. ಡಾಕ್ಟ್ರನ್ನ ಕೇಳ್ಕಂಡು ಬಾ, ಆಮ್ಯಾಕೆ ಎಲೆ" ಎನ್ನುತ್ತಿದ್ದರು. ಪೇಟೆಯವರು ಇದನ್ನು ಅಣಕಿಸಿ ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಆ ಪದ್ಧತಿ ಶುರುವಾದದ್ದು ನಮ್ಮಿಂದ.

ಗಂಡ ಹಕೀಮರು ತೀರಿಕೊಂಡ ಮೇಲೂ ಬೂಬಮ್ಮ ಗ್ರಂಧಿಗೆ ಅಂಗಡಿಯನ್ನು ಮುಚ್ಚಲಿಲ್ಲ. ಮಗ ಗಫೂರ್ ಮುಂದೆ ತಕ್ಕಡಿ ಹಿಡಿದ. ಆಕೆ ಪರದೆಯ ಹಿಂದೆ ಕೂತು ಬೇರು, ತೊಗಟೆ, ಎಲೆ ಆರಿಸಿ ಕೊಡುತ್ತಿದ್ದರು. ಸಕ್ಕರೆ ಕಾಯಿಲೆಯವರು ಮಧುನಾಶಿನಿ ಎಲೆಗೆಂದು ಕೊರಟಗೆರೆ, ಪಾವಗಡದಿಂದಲೂ ಬರುತ್ತಿದ್ದರು. ಹುಲಿಕುಂಟೆ ಕಡೆಯಿಂದ ಎಲೆ ಹೊತ್ತು ತಂದವರಿಗೂ ಅಲ್ಲಿ ಪರೀಕ್ಷೆಯೇ. ಆಕೆ ಎರಡೆಲೆ ಅಗಿದು, ಬಾಯಿ ಮುಕ್ಕಳಿಸಿ, ಚೂರು ಬೆಲ್ಲ ನಾಲಿಗೆಗೆ ಇಟ್ಟುಕೊಳ್ಳುವರು. ಆ ಎಲೆ ಅಗಿದ ಬಾಯಿಗೆ ಸ್ವಲ್ಪ ಹೊತ್ತು ಸಿಹಿ ಗೊತ್ತಾಗುವುದಿಲ್ಲ. "ಬೆಲ್ಲ ಸಿಹಿ ಹತ್ತೈತೆ ಕಣಪ್ಪಾ. ನಿನ್ನೆಲೆ ಸುಳ್ಳು ಹೇಳ್ತೈತೆ, ಎತ್ಕಂಡ್ಹೋಗು" ಎಂದು ಇಡೀ ಮೂಟೆಯನ್ನು ಹಿಂದಕ್ಕೆ ಕಳಿಸಿದ್ದನ್ನು ನಾನೇ ಕಂಡಿದ್ದೇನೆ.

ಪಾವಗಡದವರೊಬ್ಬರು "ಪೂರ್ತಿ ನಯಮವುತುಂದಾ ಅಮ್ಮಾ?" ಎಂದು ತೆಲುಗಿನಲ್ಲಿ, ಕಾಯಿಲೆ ಪೂರ್ತಿ ವಾಸಿಯಾಗುತ್ತದೆಯೇ ಎಂದು ಕೇಳಿದಾಗ ಪರದೆಯಾಚೆಯಿಂದ ಬಂದ ಉತ್ತರ ಇದು: "ನಯ ಮಾಡೋನು ಮ್ಯಾಲವ್ನೆ. ನಾನು ಸೊಪ್ಪು ಮಾರೋಳು. ಬಾಯಿ ಕಟ್ಟು, ದಿನಾ ನಡಿ, ಡಾಕ್ಟ್ರು ಹೇಳ್ದಂಗೆ ಕೇಳು."

ನನ್ನ ತಂದೆ ಮಧುಗಿರಿಯಲ್ಲಿ ಮೇಷ್ಟ್ರು. ಅರವತ್ತರ ದಶಕದ ಮೊದಲ ವರ್ಷಗಳು. ನಾನು ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ ಮನೆಯಲ್ಲಿದ್ದೆ. ಬೆಳಿಗ್ಗೆ ಗಾಜಿನ ಸಿರಿಂಜು ಕುದಿಸಿ ಅಪ್ಪನ ತೋಳಿಗೆ ಇನ್ಸುಲಿನ್ ಚುಚ್ಚುತ್ತಿದ್ದವನು ನಾನೇ. ಚುಚ್ಚಿಸಿಕೊಂಡು ಸಾಕಾಗಿ ಅವರು ಬೂಬಮ್ಮನಲ್ಲಿಗೆ ಹೋದರು, ಜೊತೆಗೆ ನಾನು. ಆಗೆಲ್ಲ ಪರದೆಯೊಳಗೆ ಮುಂಗೈ ಕೊಟ್ಟರೆ ಸಾಕಿತ್ತು. ನಾಡಿ ಹಿಡಿದು ಆಕೆ ಕೇಳಿದರು: "ಸೂಜಿ ಗೀಜಿ ಐತಾ ಮೇಷ್ಟ್ರೇ?"

"ಇಲ್ಲಮ್ಮ" ಎಂದರು ಅಪ್ಪ. ಹೌದೆಂದರೆ ಎಲೆ ಸಿಗದೆಂಬ ಭಯ.

ನಾನು ಪಕ್ಕದಲ್ಲೇ ಇದ್ದೆ, ಸುಮ್ಮನಿದ್ದೆ. ಆ ಸೊಪ್ಪಿಗೆ ಶಕ್ತಿಯಿದೆ ಎಂದು ನಂಬಿದ್ದರೆ ಬಾಯಿ ಬಿಡುತ್ತಿದ್ದೆನೇನೋ. ಮೇಕೆ ತಿನ್ನುವುದನ್ನು ಅಪ್ಪನೂ ತಿನ್ನಲಿ ಎಂದುಕೊಂಡೆ.

ಮೂರನೆಯ ವಾರ ಮತ್ತೆ ಹೋದೆವು. ಬಸ್ಸು ತಪ್ಪೀತೆಂದು ಅಪ್ಪ ಇಂಜೆಕ್ಷನ್ ತೆಗೆದುಕೊಂಡು ತಿಂಡಿ ಬಿಟ್ಟು ಹೊರಟಿದ್ದರು. ಅಂಗಡಿಯ ಜಗಲಿಯಲ್ಲಿ ಕೂತು ಹೊಸ ಎಲೆ ಎರಡು ಅಗಿದರು. ಸ್ವಲ್ಪ ಹೊತ್ತಿಗೆ ಅವರ ಅಂಗಿ ಬೆವರಿನಲ್ಲಿ ತೊಯ್ದುಹೋಯಿತು. ಕೈ ನಡುಗತೊಡಗಿತು. ಗಫೂರನನ್ನು ನನ್ನ ಹೆಸರು ಹಿಡಿದು ಕರೆದರು. ಹಾಗೇ ಕಂಬಕ್ಕೆ ಒರಗಿ ಜಾರಿದರು.

ಪರದೆ ಸರಿಯಿತು. ಬೂಬಮ್ಮನ ಮುಖವನ್ನು ನಾನು ನೋಡಿದ್ದು ಅದೊಂದೇ ಸಲ: ಅಗಲ ಹಣೆ, ಎಲೆ ಅಗಿದು ಹಸಿರಾದ ತುಟಿ. ಕೈಯಲ್ಲಿ ಬೆಲ್ಲವಿತ್ತು. ನಾನು ಆ ಕೈಯನ್ನು ಗಟ್ಟಿಯಾಗಿ ಹಿಡಿದುಬಿಟ್ಟೆ.

"ಬೆಲ್ಲ ಬೇಡಿ! ಅವರಿಗೆ ಸಕ್ಕರೆ ಕಾಯಿಲೆ!"

"ಬುಡ್ಲಾ ಕೈನ! ಸೂಜಿ ಹಾಕ್ಸ್ಕಂಡವ್ರಾ? ನಿಜ ಹೇಳು."

"ಹೂಂ... ನಾನೇ ಹಾಕಿದೆ."

"ಏನಾರಾ ತಿಂದವ್ರಾ?"

"ಇಲ್ಲ."

"ಯಾ ಅಲ್ಲಾ! ಮೈಯಾಗೆ ಸಕ್ರೇನೇ ಬತ್ತೋಗೈತೆ ಕಣ್ಲಾ!"

ಆಕೆ ಕೈ ಬಿಡಿಸಿಕೊಂಡು ಬೆಲ್ಲ ಬಾಯಿಗಿಟ್ಟರೆ ಅಪ್ಪ ಉಗಿದರು. "ಮಣ್ಣು... ಮಣ್ಣು ತಿನ್ನಿಸ್ತಾರೆ" ಎಂದು ತೊದಲಿ ಹಲ್ಲು ಕಚ್ಚಿದರು. ಅದು ಎಲೆ ಅಗಿದ ಬಾಯಿ. ಬೂಬಮ್ಮ ಮಗನತ್ತ ತಿರುಗಿದರು. "ಗಫೂರ್, ಹುಣ್ಸೇಹಣ್ಣು ತಾರೋ!" ಲೋಟದ ನೀರಿಗೆ ಬೆಲ್ಲವನ್ನೂ ಹುಣಸೆಯನ್ನೂ ಹಾಕಿ ಕಿವುಚಿದರು. "ಸಿಹಿ ಸತ್ರೂ ಹುಳಿ ಸತ್ತಿಲ್ಲ. ಮೇಷ್ಟ್ರೇ, ಹುಳಿನೀರು ಕಣಪ್ಪಾ, ಕುಡಿ. ಒಂದ್ ಗುಟುಕು." ತುಟಿಗೆ ಹುಳಿ ತಾಗಿದ್ದೇ ಅಪ್ಪ ಬಾಯಿ ತೆರೆದರು. ಒಂದು ಗುಟುಕು ಇಳಿಯಿತು. ಇನ್ನೊಂದು. ಲೋಟ ಖಾಲಿಯಾಗಿ ಎಷ್ಟೋ ಹೊತ್ತಿನ ಮೇಲೆ ನನ್ನನ್ನು ನೋಡಿ, "ಬಸ್ಸು ಹೋಯ್ತೇನೋ?" ಎಂದರು.

ನಮ್ಮ ಡಾಕ್ಟರು ಆಮೇಲೆ ನನ್ನನ್ನು ಚೆನ್ನಾಗಿ ಬೈದರು. ಇಂಜೆಕ್ಷನ್ನಿನದೆಷ್ಟು, ಹಸಿವಿನದೆಷ್ಟು, ಎಲೆಯದೆಷ್ಟು ಎಂದು ಅವರಿಗೂ ಹೇಳಲಾಗಲಿಲ್ಲ. ಇನ್ನಷ್ಟು ತಡವಾಗಿದ್ದರೆ ಅಪ್ಪ ಉಳಿಯುತ್ತಿರಲಿಲ್ಲವೆಂದು ಮಾತ್ರ ಹೇಳಿದರು. ಇಷ್ಟು ವರ್ಷವಾದರೂ ಕೆಲವು ದಿನ ಊಟಕ್ಕೆ ಕೂತಾಗ ನನ್ನ ಬಲಗೈ ತಾನಾಗಿ ಬಿಗಿಯುತ್ತದೆ, ಬೆಲ್ಲ ಹಿಡಿದ ಆ ಮಣಿಕಟ್ಟು ಇನ್ನೂ ಅದರೊಳಗಿದ್ದಂತೆ. ಆಕೆ ನನಗೆ ಹೆದರಿ ಹಿಂದೆ ಸರಿದಿದ್ದರೆ?

ಮರುವಾರ ಕ್ಷಮೆ ಕೇಳಲು ಹೋದೆ. ಪರದೆ ಮತ್ತೆ ಇಳಿದಿತ್ತು.

"ನಂದೂ ತಪ್ಪೈತೆ, ಬಾಯಿಮಾತು ನಂಬ್ದೆ. ಇನ್ನ್ಮ್ಯಾಕೆ ತೋಳು ನೋಡೇ ಎಲೆ ಕೊಡೋದು" ಎಂದರು. ಆಮೇಲೆ, "ನಿಮ್ಮಪ್ಪ ರೋಗಿ, ಆಸೆಗೆ ಸುಳ್ಳು ಹೇಳ್ದ. ನೀನು ಓದ್ದೋನು, ನಿಂಗೇನಾಗಿತ್ತಪ್ಪಾ ಬಾಯಿಗೆ?" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ಮೆಟ್ಟಿಲಿಳಿದು ಬಸ್ಸಿನ ಕಡೆ ನಡೆದೆ.

ಕೆಲವು ವರ್ಷಗಳ ನಂತರ ಅಪ್ಪನ ಕೆಮ್ಮಿಗೆ ಜ್ಯೇಷ್ಠಮಧು ತರಲು ಶಿರಾಕ್ಕೆ ಹೋದೆ. ಅಂಗಡಿಯ ಮೆಟ್ಟಿಲು ಹತ್ತುವಾಗಲೇ ತೋಳು ಮಡಚಿಕೊಂಡಿದ್ದೆ. ತಲೆಯೆತ್ತಿದರೆ ಪರದೆಯೇ ಇಲ್ಲ. ಆಕೆ ಕೂರುತ್ತಿದ್ದ ಜಾಗದಲ್ಲಿ ಮೂಟೆಗಳು. ಹಿಂದಿನ ಗೋಡೆಯವರೆಗೂ ಕಾಣುತ್ತಿತ್ತು.

"ಅಮ್ಮಿ ಹೋಗಿ ತಿಂಗ್ಳಾಯ್ತು ಸಾರ್" ಎಂದ ಗಫೂರ್. "ಏನ್ ಕೊಡ್ಲಿ?"

ಹೇಳಿದೆ. ಅವನು ತಕ್ಕಡಿಗೆ ಕೈ ಹಾಕಿದ.

"ತಡಿ ಗಫೂರ್" ಎಂದೆ. "ಅಪ್ಪ ಇವತ್ತು ಇನ್ಸುಲಿನ್ ತಗೊಂಡಿದ್ದಾರೆ. ತಿಂಡಿ ತಿಂದಿದ್ದಾರೆ. ಎಲೆ ಬಿಟ್ಟಿದ್ದಾರೆ."

ಅವನು ಏನೂ ಕೇಳಿರಲಿಲ್ಲ.