ಸಮಾಜದ ರಿಪೇರಿ

ಹಳಿಯಾಳದಲ್ಲಿ ಗ್ಯಾರೇಜು ಇಟ್ಟಿರುವ ದಸ್ತಗೀರಸಾಬರಿಗೆ ಬೈಕಿನ ರಿಪೇರಿಗಿಂತ ಸಮಾಜದ ರಿಪೇರಿಯ ಚಿಂತೆಯೇ ಹೆಚ್ಚು. "ಮಂದಿ ಸುಧಾರಿಸೂದು ಮನ್ಯಾಗಿನ ಸಂಸ್ಕಾರದಿಂದ" ಎಂದು ಅವರು ನಟ್ಟು ಬಿಚ್ಚುವ ಪಾನಾ ಎತ್ತಿ ಹೇಳಿದರೆ, ಎದುರಿನ ಚಹಾದಂಗಡಿಯ ಮಾಲತೇಶ, "ಪೊಲೀಸರ ಬಡಿಗಿ ಇರಲಿಲ್ಲಂದ್ರ ಯಾವ ಸಂಸ್ಕಾರನೂ ನಡ್ಯಾಂಗಿಲ್ರಿ ಚಾಚಾ" ಎನ್ನುತ್ತಾನೆ. ವಾದ ಏರಿದಂತೆ ಬಿಚ್ಚಿದ ಇಂಜಿನ್ನು ಹಾಗೆಯೇ ಬಿದ್ದಿರುತ್ತದೆ, ಗಿರಾಕಿ ಚಹಾದ ಮೇಲೆ ಚಹಾ ಕುಡಿಯುತ್ತಾನೆ. ಇಷ್ಟು ವರ್ಷಗಳಲ್ಲಿ ಸಾಬರು ತಮ್ಮ ಮಾತಿನಿಂದ ಕೂದಲೆಳೆಯಷ್ಟೂ ಸರಿದವರಲ್ಲ. ಮೊನ್ನೆ ಮಾಲತೇಶ ಎದೆನೋವೆಂದು ಆಸ್ಪತ್ರೆ ಸೇರಿದ. ಸಾಬರು ಗ್ಯಾರೇಜಿಗೆ ಬೀಗ ಜಡಿದು ಓಡಿದರು. ಅವನಿಗೆ ಗಂಜಿ ಕುಡಿಸುತ್ತ, ಏನು ಹೇಳಿದರೆ ಖುಷಿಯಾದಾನೆಂದು ಬಹಳ ಯೋಚಿಸಿ, ಕೊನೆಗೆ ಗಂಟಲು ಸರಿಮಾಡಿಕೊಂಡು, "ನೀ ಹೇಳಿದ್ದ ಖರೇ ಐತಿ ಮಾಲತೇಶ, ಬಡಿಗೀನ ಬೇಕು" ಎಂದರು. ಮಾಲತೇಶ ಗಾಬರಿಯಿಂದ ಅವರ ಕೈ ಹಿಡಿದುಕೊಂಡ: "ಯಾಕ್ರಿ ಚಾಚಾ, ಡಾಕ್ಟರ್ ಏನರ ಹೇಳ್ಯಾರೇನು?"