ತಾತನ ವಾಚು

ಲಾಕ್‌ಡೌನಿನಲ್ಲಿ ಪರದೇಶದ ಸ್ವೋರ್ಡ್ಸ್ ಊರಿನ ನಮ್ಮ ಅಡುಗೆಮನೆಯೇ ಮಗಳ ತರಗತಿ. ಒಂದು ಬೆಳಿಗ್ಗೆ ಆನ್‌ಲೈನ್ ಪಾಠದಲ್ಲಿ ಟೀಚರು ಕಾಡಿನ ಜನರ ಬಗ್ಗೆ ಹಳೆಯದೊಂದು ಸಾಕ್ಷ್ಯಚಿತ್ರ ಹಾಕಿದರು. ನೋಡಿದರೆ ಅದು ಕಾಡಿನೊಳಗಿನ ನಮ್ಮದೇ ಹಾಡಿ, ಸೋಲಿಗರ ಪೋಡು. ಅಂಗಿಯಿಲ್ಲದೆ ನಿಂತಿದ್ದ ನನ್ನ ಅಪ್ಪ ಕತ್ತೆತ್ತಿ, ಹನ್ನೊಂದೂ ಇಪ್ಪತ್ತು ಎನ್ನುತ್ತಿದ್ದರು. ಇವರು ಗಡಿಯಾರವನ್ನೇ ಕಾಣದ ಜನ ಎಂದಿತು ಹಿನ್ನೆಲೆಯ ದನಿ. ಟೀಚರು ಬೆರಗಾದರು. ನನಗೆ ಮೈಯೆಲ್ಲ ಉರಿಯಿತು.

"ಅಮ್ಮಾ, ಲುಕ್, ತಾತನ ಕೈಲಿ ವಾಚ್ ಮಾರ್ಕ್ ಇದೆ" ಎಂದ ಮಗಳು, ಪಾಠ ಮುಗಿದದ್ದೇ ಊರಿಗೆ ವಿಡಿಯೋ ಕಾಲ್ ಮಾಡಿ ಅವರನ್ನೇ ಕೇಳಿದಳು.

ಅಪ್ಪ ನಕ್ಕರು. "ಅಂಗಿ, ವಾಚು ಎಲ್ಡೂ ಅವ್ರೇ ಬಿಚ್ಚಿಸಿದ್ರು ಕಣವ್ವ. ಆಮೇಲೆ ಸೂರ್ಯನ್ನ ನೋಡಿ ಟೈಮ್ ಹೇಳು ಅಂದ್ರು. ನಾನು ಬಂಡೆ ಮೇಲೆ ನಿಂತಿದ್ದ ಕ್ಯಾಮೆರಾದವನ ವಾಚ್ ನೋಡ್ಕಂಡು ಹೇಳ್ದೆ."